ಫಿಸಿಕ್ಸ್ ಟೀಚರ್ ಯಜಮಾನರಿಗೊಂದು ಕೆಲಸ

ನಮ್ಮ ಶಾಲೆಯಲ್ಲಿ ಒಬ್ಬ ಟೀಚರ್ ಮುಂದಿನ ವರ್ಷವೂ ಇರುತ್ತಾರೋ ಇಲ್ಲವೋ ಎಂದು ತಿಳಿಯಬೇಕಾದರೆ ಅವರನ್ನು ಕೇಳಿ ಪ್ರಯೋಜನವಿಲ್ಲ, ಅವರ ಗಂಡನ ಕಂಪನಿಯನ್ನು ಕೇಳಬೇಕು. ಸೌದಿಯ ಅಭಾ ಊರಿನ ಈ ಭಾರತೀಯ ಶಾಲೆಯ ಹುಡುಗಿಯರ ವಿಭಾಗದಲ್ಲಿ ಪಾಠ ಮಾಡುವವರೆಲ್ಲ ಹೆಂಗಸರು, ಬಹುತೇಕ ಎಲ್ಲರೂ ಗಂಡನ ಇಕಾಮಾದ ಆಧಾರದ ಮೇಲೆ ಈ ದೇಶದಲ್ಲಿ ಇರುವವರು. ಈ ವಿಭಾಗದ ಟೈಮ್‌ಟೇಬಲ್ ಮಾಡುವ ನಾನೂ ಅಷ್ಟೇ. ಗಂಡನ ಕೆಲಸ ಹೋದರೆ ಅವನ ಇಕಾಮಾ, ಅಂದರೆ ವಾಸದ ಪರವಾನಗಿ, ಹೋಯಿತು, ಅದರ ಹಿಂದೆ ಹೆಂಡತಿಯದು ಹೋಯಿತು, ಅದರ ಹಿಂದೆ ನನ್ನ ಟೈಮ್‌ಟೇಬಲ್ ಬೋರ್ಡಿನಿಂದ ಒಂದು ಬಣ್ಣವೇ ಹೋಯಿತು.

ಆ ಬೋರ್ಡು ನನ್ನ ಕೋಣೆಯ ಗೋಡೆಯನ್ನೆಲ್ಲ ತುಂಬಿಕೊಂಡಿತ್ತು. ಕಂಪ್ಯೂಟರಿನಲ್ಲಿ ಅದೆಲ್ಲ ಮಾಡಬಹುದೆಂದು ಪ್ರಿನ್ಸಿಪಾಲರು ಹೇಳಿ ಹೇಳಿ ಸುಸ್ತಾಗಿದ್ದರು. ನನಗೆ ಮಾತ್ರ ಒಂದೊಂದು ಪೀರಿಯಡ್ಡನ್ನೂ ಬೆರಳಲ್ಲಿ ಹಿಡಿದು ಅತ್ತಿತ್ತ ಸರಿಸದಿದ್ದರೆ ತಲೆ ಓಡುವುದಿಲ್ಲ. ಒಬ್ಬೊಬ್ಬ ಟೀಚರಿಗೆ ಒಂದೊಂದು ಬಣ್ಣದ ಚೀಟಿ, ಫಿಸಿಕ್ಸಿಗೆ ಹಸಿರು. ದೊಡ್ಡ ತರಗತಿಗಳ ಥಿಯರಿ, ಲ್ಯಾಬಿಗೆಂದು ಒಟ್ಟೊಟ್ಟಿಗೆ ಬರಬೇಕಾದ ಜೋಡಿ ಪೀರಿಯಡ್ಡುಗಳು, ಒಂಬತ್ತು ಮತ್ತು ಹತ್ತನೆಯ ತರಗತಿಯ ವಿಜ್ಞಾನ, ಎಲ್ಲವೂ ಆ ಹಸಿರಿನದೇ.

ಆ ಹಸಿರು ಪುತ್ತೂರು ಕಡೆಯ ಒಬ್ಬ ಟೀಚರ್. ಅವರ ಮನೆಮಾತು ತುಳು, ನನ್ನದು ಬ್ಯಾರಿ, ಶಾಲೆಯಲ್ಲಿ ನಮ್ಮಿಬ್ಬರ ನಡುವೆ ಕನ್ನಡ. ಪಾಠಕ್ಕೆ ನಿಂತರೆ ಗಂಟೆ ಹೊಡೆದದ್ದೂ ಕಿವಿಗೆ ಬೀಳದವರು. ಫೆಬ್ರವರಿಯ ಒಂದು ಬೆಳಿಗ್ಗೆ, ಮಂಜು ಕಿಟಕಿಗೆ ಅಂಟಿಕೊಂಡಿರುವಾಗ, ನನ್ನ ಕೋಣೆಗೆ ಬಂದು ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತರು.

"ಮೇಡಂ, ಇವರ ಆಸ್ಪತ್ರೆಯ ಕಾಂಟ್ರಾಕ್ಟ್ ಬೇರೆ ಕಂಪನಿಗೆ ಹೋಯ್ತು. ಎಕ್ಸ್‌ರೇಯಲ್ಲಿದ್ದ ಎಲ್ಲರಿಗೂ ಎಕ್ಸಿಟ್ ಅಂತೆ."

"ಯಾವಾಗ ಮಾರಾಯ್ತಿ?"

"ಇಕಾಮಾ ಮುಗಿಯುವುದರೊಳಗೆ ಬೇರೆ ಕಫೀಲ್ ಸಿಕ್ಕಿದ್ರೆ ನಕಲ್ ಮಾಡಿಸ್ಬಹುದು. ಇಲ್ಲದಿದ್ರೆ ಊರಿಗೆ."

ಕಫೀಲ್ ಎಂದರೆ ಕೆಲಸಕ್ಕೆ ಇಟ್ಟುಕೊಂಡವ, ನಕಲ್ ಎಂದರೆ ಒಬ್ಬ ಕಫೀಲನಿಂದ ಇನ್ನೊಬ್ಬನಿಗೆ ವರ್ಗಾವಣೆ. ಇವೆರಡು ಅರಬಿ ಪದ ತಿಳಿಯದ ಮಕ್ಕಳು ನಮ್ಮ ಎಲ್‌ಕೆಜಿಯಲ್ಲೂ ಇಲ್ಲ.

ವಿಷಯ ಪ್ರಿನ್ಸಿಪಾಲರಿಗೆ ತಲುಪಿತು, ಅವರಿಂದ ಪೋಷಕರ ಕಮಿಟಿಗೆ ಹೋಯಿತು. ಉತ್ತರ ಬೇಗ ಬಂತು. ಏಪ್ರಿಲ್‌ನಲ್ಲಿ ಹೊಸ ವರ್ಷದ ಪಾಠ ಶುರುವಾಗುವಾಗ ಫಿಸಿಕ್ಸಿಗೆ ಅರ್ಹ ಟೀಚರ್ ಇಲ್ಲದಿದ್ದರೆ ಹುಡುಗಿಯರಿಗೆ ಹನ್ನೊಂದನೆಯ ತರಗತಿಯ ಸೈನ್ಸ್ ತೆರೆಯುವುದಿಲ್ಲ, ಬಂದವರೆಲ್ಲ ಕಾಮರ್ಸ್ ತೆಗೆದುಕೊಳ್ಳಲಿ. ಗಂಡುಮಕ್ಕಳ ವಿಭಾಗದ ಫಿಸಿಕ್ಸ್ ಮಾಸ್ತರರನ್ನು ಕರೆಯುವ ಹಾಗಿಲ್ಲ, ದೊಡ್ಡ ಹುಡುಗಿಯರಿಗೆ ಹೆಂಗಸರೇ ಪಾಠ ಮಾಡಬೇಕೆಂಬುದು ನಮ್ಮ ಶಾಲೆಯ ಕ್ರಮ. ಕರೆದರೂ ಅವರಿಗೆ ಉಸಿರಾಡಲು ಬಿಡುವಿರಲಿಲ್ಲ.

ಆ ವಾರವೇ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕಾರಿಡಾರಿನಲ್ಲಿ ನನ್ನನ್ನು ಅಡ್ಡಗಟ್ಟಿದಳು. ಪಕ್ಕದ ಖಮೀಸ್ ಪೇಟೆಯಲ್ಲಿ ಅವಳ ಅಪ್ಪನ ಅಂಗಡಿ. ಇಂಗ್ಲಿಷಿನಲ್ಲೇ ಮಾತಾಡುವವಳು ಸಿಟ್ಟು ಬಂದಾಗ ಕನ್ನಡಕ್ಕೆ ಇಳಿಯುತ್ತಾಳೆ.

"ಮ್ಯಾಮ್, ಸೈನ್ಸ್ ಉಂಟಾ, ಇಲ್ವಾ?"

"ನೋಡುವ."

"ಕಾಮರ್ಸ್ ಬಗ್ಗೆ ನಂಗೆ ಕೋಪ ಇಲ್ಲ. ಆದ್ರೆ ಆಸ್ಪತ್ರೆಯಲ್ಲಿ ಯಾರದ್ದೋ ಕೆಲಸ ಹೋಯ್ತು ಅಂತ ನಾನ್ಯಾಕೆ ಕಾಮರ್ಸ್ ಓದ್ಬೇಕು?"

ಹುಡುಗಿ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ, ಅದಕ್ಕೇ ನನಗೂ ಸಿಟ್ಟು ಬಂತು. ಸಿಟ್ಟು ಬಂದರೆ ನನಗೆ ಕೆಲಸ ಮಾಡುವ ಹುಮ್ಮಸ್ಸು ಬರುತ್ತದೆ.

ಮೊದಲು ಎಲ್ಲರೂ ಹೋಗುವ ದಾರಿಯಲ್ಲೇ ಹೋದೆ. ಊರಿನಿಂದ ಟೀಚರನ್ನು ತರಿಸುವುದು. ವಿಡಿಯೊ ಕಾಲಿನಲ್ಲಿ ಸಂದರ್ಶನಗಳಾದವು. ಒಬ್ಬರು ಚೆನ್ನಾಗಿ ಪಾಠ ಮಾಡಿ ತೋರಿಸಿದರು, ಅವರ ಡಿಗ್ರಿಗೆ ದೃಢೀಕರಣದ ಮುದ್ರೆ ಬಿದ್ದಿರಲಿಲ್ಲ. ಅದಾಗುವಷ್ಟರಲ್ಲಿ ಅರ್ಧ ವರ್ಷ ಕಳೆಯುತ್ತಿತ್ತು. ಇನ್ನೊಬ್ಬರಿಗೆ ಮುದ್ರೆಯೆಲ್ಲ ಇತ್ತು, ಅಭಾ ಎಲ್ಲಿದೆ ಎಂದು ಮ್ಯಾಪಿನಲ್ಲಿ ನೋಡಿದ ಮೇಲೆ ಫೋನ್ ಎತ್ತಲಿಲ್ಲ. ಅಷ್ಟರಲ್ಲಿ ರಂಜಾನ್ ಬಂತು, ಕಚೇರಿಗಳ ಸಮಯ ಅರ್ಧವಾಯಿತು. ವೀಸಾ ವಿಚಾರ ಕೇಳಿದಾಗಲೆಲ್ಲ "ಈದ್ ಆಗಲಿ" ಎಂಬ ಉತ್ತರ. ಈದ್ ಆದ ಮರುವಾರ ನಮ್ಮ ಪಾಠ ಶುರು.

ಒಂದು ಮಧ್ಯಾಹ್ನ ಬೋರ್ಡಿನ ಮುಂದೆ ನಿಂತು ಹಸಿರು ಚೀಟಿಗಳನ್ನು ಒಂದೊಂದಾಗಿ ಕೀಳುತ್ತಿದ್ದೆ. ಇಷ್ಟೊಂದು ಒಳ್ಳೆಯ ಟೀಚರನ್ನು ಕಳಿಸಿಕೊಟ್ಟು ಅಂಥವರನ್ನೇ ಸಮುದ್ರದಾಚೆಯಿಂದ ಹುಡುಕುತ್ತಿದ್ದೇನಲ್ಲ ಎಂದು ಬೇಸರವಾಯಿತು. ಹಾಗೇ ಯೋಚಿಸುತ್ತಿರುವಾಗ ತಟ್ಟನೆ ಹೊಳೆಯಿತು. ನಮಗೆ ಟೀಚರ್ ಬೇಕಾಗಿಲ್ಲ! ಟೀಚರ್ ಇದ್ದಾರೆ. ನಮಗೆ ಬೇಕಾದದ್ದು ಟೀಚರ್ ಯಜಮಾನರಿಗೆ ಒಂದು ಕೆಲಸ.

ಕಿತ್ತ ಚೀಟಿಗಳನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು ಕಮಿಟಿಯ ಹಿರಿಯರೊಬ್ಬರಿಗೆ ಫೋನ್ ಮಾಡಿದೆ. ಅವರು ಭಟ್ಕಳದವರು, ಬಟ್ಟೆ ವ್ಯಾಪಾರ. ಈ ಸೀಮೆಯಲ್ಲಿ ಅವರಿಗೆ ಗೊತ್ತಿಲ್ಲದವರು ಯಾರೆಂದು ಕೇಳಿದರೆ ಅವರೇ ಯೋಚನೆಗೆ ಬೀಳುತ್ತಾರೆ.

"ಸಾಹೇಬ್ರೇ, ಒಬ್ಬ ಎಕ್ಸ್‌ರೇ ಟೆಕ್ನಿಷಿಯನ್‌ಗೆ ಕೆಲಸ ಬೇಕು. ನಕಲ್ ತಗೊಳ್ಳುವವರು ಬೇಕು. ಬೇಗ."

"ನಿಮ್ಮ ತಮ್ಮನಾ ಮೇಡಂ?"

"ಅಲ್ಲ, ನಮ್ಮ ಫಿಸಿಕ್ಸ್."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಕ್ಕದ್ದೇ ನಕ್ಕದ್ದು. "ಯಲ್ಲಾ, ನೋಡುವ!" ಎಂದು ಫೋನ್ ಇಟ್ಟರು.

ಆಮೇಲಿನ ದಿನಗಳ ಸಂಭ್ರಮವನ್ನು ನೆನೆದರೆ ಈಗಲೂ ನಗು ಬರುತ್ತದೆ. ಹಿಂದಿ ಟೀಚರ್ ತನ್ನ ಗಂಡನ ಕ್ಲಿನಿಕ್ಕಿನಲ್ಲಿ ಕೇಳಿದರು. ಲೈಬ್ರರಿ ಟೀಚರ್ ನೆರೆಮನೆಯ ನರ್ಸನ್ನು ಹಿಡಿದರು. ಸ್ಟಾಫ್ ರೂಮಿನಲ್ಲಿ ಪಾಠದ ಮಾತು ನಿಂತು, ಯಾವ ಆಸ್ಪತ್ರೆಯಲ್ಲಿ ಹೊಸ ಸ್ಕ್ಯಾನಿಂಗ್ ಯಂತ್ರ ಬಂದಿದೆ ಎಂಬ ಚರ್ಚೆ ಶುರುವಾಯಿತು. ಯಜಮಾನರಿಗೆ ಮೊದಮೊದಲು ಮುಜುಗರ. ಹೆಂಡತಿಯ ಶಾಲೆಯವರೆಲ್ಲ ಸೇರಿ ತನಗೆ ಕೆಲಸ ಹುಡುಕುವುದೆಂದರೆ ಯಾರಿಗಾದರೂ ಮುಜುಗರವೇ. ಆದರೂ ಕರೆದಲ್ಲಿಗೆಲ್ಲ ಹೋಗಿ ಬಂದರು.

ಈದ್‌ಗೆ ಕೆಲವೇ ದಿನ ಇರುವಾಗ ಸಾಹೇಬರ ಫೋನ್ ಬಂತು. "ಮೇಡಂ, ಆಯ್ತು! ದೊಡ್ಡ ಆಸ್ಪತ್ರೆ. ಸಂದರ್ಶನ ಮುಗೀತು, ನಕಲ್‌ಗೂ ಒಪ್ಪಿದ್ದಾರೆ. ಹಗಲು ಡ್ಯೂಟಿ!"

ನಾನು ಸ್ಟಾಫ್ ರೂಮಿಗೆ ಓಡಿದೆ. ಈ ವಯಸ್ಸಿನಲ್ಲಿ ಕಾರಿಡಾರಿನಲ್ಲಿ ಓಡಿದ್ದನ್ನು ಮಕ್ಕಳು ನೋಡಿ ಕೈತಟ್ಟಿದರು. ಉಪವಾಸದ ದಿನವಾದ್ದರಿಂದ ಸಿಹಿಯ ಡಬ್ಬಿ ಮನೆಗೆ ಕೊಂಡುಹೋಗಲಿ ಎಂದು ಫಿಸಿಕ್ಸ್ ಟೀಚರ್ ಕೈಯಲ್ಲಿಟ್ಟೆವು. ಎಲ್ಲರೂ ಅವರನ್ನು ಅಪ್ಪಿಕೊಂಡರು. ಅವರು ಡಬ್ಬಿಯನ್ನು ಮೇಜಿನ ಮೇಲಿಟ್ಟು ನನ್ನತ್ತ ತಿರುಗಿದರು.

"ಮೇಡಂ, ಆಸ್ಪತ್ರೆ ನಜ್ರಾನಲ್ಲಿ ಅಲ್ವಾ?"

"ಹೌದು, ಎಂತ?"

"ನಜ್ರಾನ್ ಇಲ್ಲಿಂದ ಕಾರಲ್ಲಿ ಮೂರು ಗಂಟೆ ಅಲ್ವಾ?"

ಗಂಡ ನಜ್ರಾನಿಗೆ ಹೋದರೆ ಸಂಸಾರ ನಜ್ರಾನಿಗೆ, ಸಂಸಾರದ ಜತೆ ನಮ್ಮ ಫಿಸಿಕ್ಸೂ ನಜ್ರಾನಿಗೆ. ಇಷ್ಟು ಜನ, ಇಷ್ಟು ಡಿಗ್ರಿ, ಇಷ್ಟು ಫೋನು. ಯಜಮಾನರಿಗೆ ಕೆಲಸ ಹುಡುಕುವ ಉತ್ಸಾಹದಲ್ಲಿ ಅದನ್ನು ಯಾಕಾಗಿ ಹುಡುಕುತ್ತಿದ್ದೇವೆ ಎಂಬುದನ್ನೇ ಮರೆತುಬಿಟ್ಟಿದ್ದೆವು. ಸಾಹೇಬರಿಗೆ ಫೋನ್ ಮಾಡಿದೆ. ಅವರು ನನ್ನ ಮೇಲೇ ತಿರುಗಿಬಿದ್ದರು.

"ಕೆಲಸ ಹುಡುಕಿ ಅಂದ್ರಿ. ಊರು ಯಾವ್ದು ಅಂತ ನೀವು ಹೇಳ್ಲೇ ಇಲ್ಲ ಅಲ್ಲ ಮೇಡಂ!"

ಬೇರೆ ಹುಡುಕಲು ಸಮಯ ಇರಲಿಲ್ಲ. ಯಜಮಾನರು ಆ ಕೆಲಸ ಒಪ್ಪದೆ ಬೇರೆ ದಾರಿ ಇರಲಿಲ್ಲ, ಒಪ್ಪಿದರು. ಆವತ್ತು ಸಂಜೆ ಉಪವಾಸ ಬಿಟ್ಟಮೇಲೆ ನಾನು ಟೀಚರ್ ಮನೆಗೆ ಹೋದೆ. ಸಮಾಧಾನ ಹೇಳಿ ಬರೋಣ ಎಂದುಕೊಂಡಿದ್ದೆ. ಅವರ ಒಂದೂವರೆ ವರ್ಷದ ಮಗಳು ಅಪ್ಪನ ಬೆನ್ನ ಮೇಲೆ ಸವಾರಿ ಮಾಡುತ್ತಿದ್ದಳು.

ಅಲ್ಲಿ ಟೀಚರೇ ಮಾತು ತೆಗೆದರು. "ನಾನು ಇಲ್ಲೇ ಇರ್ತೇನೆ ಮೇಡಂ. ಇವರು ಅಲ್ಲಿ ಇರ್ಲಿ, ಶುಕ್ರವಾರ ಶನಿವಾರದ ರಜೆಗೆ ಗುರುವಾರ ಸಂಜೆ ಬರ್ಲಿ. ನಾವು ಇಬ್ಬರೂ ಮಾತಾಡಿ ಆಗಿದೆ. ಕಷ್ಟ ಇರುವುದು ಇವಳದ್ದೊಂದೇ."

ಆಗ ನನಗೆ ಗೊತ್ತಾಯಿತು, ನಮ್ಮ ಶಾಲೆಯ ಫಿಸಿಕ್ಸ್ ಇಷ್ಟು ದಿನ ನಿಂತಿದ್ದದ್ದು ಯಜಮಾನರ ನೈಟ್ ಡ್ಯೂಟಿಯ ಮೇಲೆ. ಬೆಳಿಗ್ಗೆ ಅವರು ಆಸ್ಪತ್ರೆಯಿಂದ ಬಂದು ಮೆಟ್ಟಿಲು ಹತ್ತುವಾಗ ಇವರು ಶಾಲೆಗೆಂದು ಇಳಿಯುತ್ತಿದ್ದರು, ಮಗು ಮೆಟ್ಟಿಲಲ್ಲೇ ಕೈಬದಲಾಗುತ್ತಿತ್ತು. ಅಪ್ಪ ಮಗಳು ಒಟ್ಟಿಗೆ ಮಧ್ಯಾಹ್ನದವರೆಗೆ ಮಲಗುತ್ತಿದ್ದರು. ಈಗ ಅವರು ನಜ್ರಾನಿಗೆ ಹೋದರೆ ಹಗಲು ಮಗುವನ್ನು ನೋಡಿಕೊಳ್ಳುವವರು ಯಾರು?

"ಇಲ್ಲಿ ಯಾರ ಮನೆಯಲ್ಲಾದ್ರೂ ಬಿಡ್ಬಹುದಲ್ಲ?" ಎಂದೆ.

"ಕೇಳಿದೆವು. ಎಲ್ಲರ ಮನೆಯಲ್ಲೂ ಸಣ್ಣದು ಒಂದೊಂದು ಉಂಟು ಮೇಡಂ. ನಮ್ಮ ಮೇಲಿನ ಮನೆಯವರು ಕೆಮಿಸ್ಟ್ರಿ ಎಂಎಸ್ಸಿ, ಬಿಎಡ್ಡೂ ಆಗಿದೆ. ಮಗು ಇದೆ ಅಂತ ಮನೆಯಲ್ಲೇ ಕೂತಿದ್ದಾರೆ."

ಮನೆಗೆ ಹಿಂತಿರುಗುವ ದಾರಿಯಲ್ಲಿ ಆ ಕೊನೆಯ ಮಾತು ತಲೆಯಲ್ಲಿ ಸುತ್ತತೊಡಗಿತು. ನನಗೆ ಗೊತ್ತಿರುವ ಹೆಂಗಸರನ್ನೆಲ್ಲ ನೆನೆಸಿಕೊಂಡೆ. ಖಮೀಸಿನಲ್ಲಿ ಗಣಿತ ಓದಿದವರೊಬ್ಬರು, ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ ಬಯಾಲಜಿಯವರು, ನಮ್ಮದೇ ಕಟ್ಟಡದಲ್ಲಿ ಕಂಪ್ಯೂಟರ್ ಸೈನ್ಸಿನವರು. ಎಲ್ಲರೂ ಎರಡು ಮೂರು ವರ್ಷದ ಮಕ್ಕಳನ್ನು ಎತ್ತಿಕೊಂಡು ಫ್ಲ್ಯಾಟಿನೊಳಗೆ. ನಾವೇ ಹಿಂದೆ ಅವರನ್ನು ಪಾಠಕ್ಕೆ ಕರೆದು, "ಮಗು ದೊಡ್ಡದಾಗಲಿ" ಎಂಬ ಉತ್ತರ ಕೇಳಿಕೊಂಡು ಬಂದವರು. ಮಗು ದೊಡ್ಡದಾಗುವಷ್ಟರಲ್ಲಿ ಗಂಡನ ಕಾಂಟ್ರಾಕ್ಟ್ ಮುಗಿದಿರುತ್ತಿತ್ತು. ಟೀಚರುಗಳಿಲ್ಲ ಎಂದು ಬಾಯಿ ಬಡಿದುಕೊಳ್ಳುತ್ತಿದ್ದ ನಮಗೆ ಟೀಚರುಗಳ ಬರವಿರಲಿಲ್ಲ, ಅವರ ಮಗುವನ್ನು ಎತ್ತಿಕೊಳ್ಳುವ ಕೈಗಳ ಬರವಿತ್ತು. ನನಗೆ ಕುಣಿಯುವ ಹಾಗಾಯಿತು.

ಈದ್ ರಜೆ ಮುಗಿದ ಕೂಡಲೇ ಕಮಿಟಿ ಸೇರಿತು. ಶಾಲೆಯೊಳಗೆ ಸಿಬ್ಬಂದಿಯ ಮಕ್ಕಳಿಗೆ ಒಂದು ಕೋಣೆ, ಅಲ್ಲಿಗೆ ಒಬ್ಬ ಆಯಾ, ಇಷ್ಟೇ ನನ್ನ ಕೋರಿಕೆ. ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿದರು. ಬೇಡ ಎನ್ನುವ ಮೊದಲು ಅವರು ಹಾಗೆ ಮಾಡುತ್ತಾರೆ.

"ಒಬ್ಬರಿಗೆ ಮಾಡಿಕೊಟ್ಟರೆ ನಾಳೆ ಎಲ್ಲರೂ ಮಗುವನ್ನು ಎತ್ತಿಕೊಂಡು ಬರುತ್ತಾರೆ."

"ಬರಲಿ ಸರ್! ಬರಬೇಕೆಂದೇ ಕೇಳುತ್ತಿರುವುದು. ಒಂದೊಂದು ಮಗುವಿನ ಹಿಂದೆ ಒಬ್ಬೊಬ್ಬ ಟೀಚರ್ ಬರುತ್ತಾರೆ."

ಸಾಹೇಬರು ಮೇಜು ತಟ್ಟಿದರು. ಆದರೆ ಪ್ರಿನ್ಸಿಪಾಲರು ಬಿಡುವವರಲ್ಲ. ಆಯಾ ಹುದ್ದೆ ಹೊಸದಾಗಿ ಸಿಗುವುದಿಲ್ಲ, ಎಲ್‌ಕೆಜಿ, ಯುಕೆಜಿಯ ಆಯಾಗಳನ್ನು ಅಲ್ಲಾಡಿಸುವ ಹಾಗಿಲ್ಲ, ಮತ್ತೆ ಕೋಣೆ ಎಲ್ಲಿದೆ?

ಆಯಾ ವಿಷಯಕ್ಕೆ ನಾನು ಸಿದ್ಧಳಾಗಿ ಹೋಗಿದ್ದೆ. ಟೈಮ್‌ಟೇಬಲ್ ಮಾಡುವವರಿಗೆ ಒಂದು ಚಾಳಿ ಇರುತ್ತದೆ, ಯಾರು ಯಾವ ಹೊತ್ತಿಗೆ ಖಾಲಿ ಕೂತಿದ್ದಾರೆ ಎಂದು ಕಣ್ಣು ತಾನಾಗಿ ಹುಡುಕುತ್ತದೆ. ಶಾಲೆಯ ಬಸ್ಸುಗಳಲ್ಲಿ ಸಣ್ಣ ಮಕ್ಕಳನ್ನು ಹತ್ತಿಸಿ ಇಳಿಸಲು ಆಯಾಗಳಿದ್ದಾರೆ. ಅವರು ಬೆಳಿಗ್ಗೆ ಬಸ್ಸಿನ ಜತೆ ಬಂದರೆ ಮತ್ತೆ ಅವರ ಕೆಲಸ ಮಧ್ಯಾಹ್ನ ಬಸ್ಸು ಹೊರಡುವಾಗ. ನಡುವೆ ಗೇಟಿನ ಹತ್ತಿರದ ಕೋಣೆಯಲ್ಲಿ ಚಹಾ ಕುಡಿಯುತ್ತಾ ಕೂತಿರುತ್ತಾರೆ. ಅವರು ಸಾರಿಗೆಯ ಲೆಕ್ಕಕ್ಕೆ ಸೇರಿದವರಾದ್ದರಿಂದ ಶಾಲೆಯ ಸಿಬ್ಬಂದಿ ಎಂದು ಯಾರೂ ನೋಡಿರಲೇ ಇಲ್ಲ. ಮುಂಚಿನ ದಿನವೇ ಅವರಲ್ಲಿ ಹಿರಿಯವರಾದ ಹೈದರಾಬಾದಿನ ಆಯಾ ಹತ್ತಿರ ಕೇಳಿದ್ದೆ. ಕೂತು ಕೂತು ಕಾಲು ಬಾತು ಹೋಗಿದೆ ಮೇಡಂ, ಮಕ್ಕಳನ್ನು ಕೊಡಿ ಎಂದಿದ್ದರು. ಕೆಲಸ ಹೆಚ್ಚಾದರೆ ಸಂಬಳವೂ ಹೆಚ್ಚಾಗಬೇಕು ಎಂದು ಸೇರಿಸಲು ಅವರು ಮರೆತಿರಲಿಲ್ಲ, ಅದನ್ನೂ ಕಮಿಟಿಗೆ ಹೇಳಿದೆ.

"ಕೋಣೆ?" ಪ್ರಿನ್ಸಿಪಾಲರು ಮತ್ತೆ ಕೇಳಿದರು.

ಶಾಲೆಯ ಕೋಣೆಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಎಣಿಸಿದೆ. ಲ್ಯಾಬಿನ ಪಕ್ಕದ ಉಗ್ರಾಣಕ್ಕೆ ಕಿಟಕಿ ಇಲ್ಲ. ಪ್ರಾರ್ಥನೆಯ ಕೋಣೆಯನ್ನು ಮುಟ್ಟುವ ಹಾಗಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇಷ್ಟು ದೂರ ಬಂದು ನಾಲ್ಕು ಗೋಡೆಗೆ ಸೋಲುವುದೇ ಎಂದು ರೇಗಿ ಹೋಯಿತು.

"ನನ್ನ ಕೋಣೆ ತೆಗೆದುಕೊಳ್ಳಿ. ಕಿಟಕಿ ಇದೆ, ಬಿಸಿಲು ಬರುತ್ತದೆ, ಪಕ್ಕದಲ್ಲೇ ನೀರಿದೆ. ನನಗೆ ಸ್ಟಾಫ್ ರೂಮಿನ ಮೂಲೆಯಲ್ಲಿ ಒಂದು ಮೇಜು ಸಾಕು."

ಆ ಕೋಣೆ ಎಂದರೆ ನನಗೆ ಪ್ರಾಣ. ಆದರೆ ಮಾತು ಆಡಿಯಾಗಿತ್ತು. ಸಾಹೇಬರು ತಕ್ಷಣ, "ಖಲಾಸ್, ಮುಗೀತು!" ಎಂದು ಎದ್ದೇ ನಿಂತರು. ಸರ್ಕಾರಿ ಕಚೇರಿಗಳಿಗೆ ಓಡಾಡುವ ನಮ್ಮ ಸೌದಿ ಅಧಿಕಾರಿಯನ್ನು ಅನುಮತಿ ಸಿಗುತ್ತದೋ ಎಂದು ಕೇಳಿದರೆ ಅವರು ಆಶ್ಚರ್ಯಪಟ್ಟರು. ಹೆಂಗಸರು ಹೆಚ್ಚಿರುವ ಕಡೆ ಮಕ್ಕಳಿಗೆ ವ್ಯವಸ್ಥೆ ಇರಬೇಕೆಂದು ನಿಯಮವೇ ಇದೆ, ನೀವು ಇಷ್ಟು ವರ್ಷ ಯಾಕೆ ಮಾಡಲಿಲ್ಲ ಎಂದು ನಮ್ಮನ್ನೇ ಕೇಳಿದರು. ಪ್ರಿನ್ಸಿಪಾಲರು ಮತ್ತೆ ಕನ್ನಡಕ ಒರೆಸಿದರು, ಈ ಸಲ ಬೇಡ ಎನ್ನಲಿಲ್ಲ.

ಪಾಠ ಶುರುವಾಗುವ ಮುಂಚಿನ ಎರಡು ದಿನ ನಾವು ಮಾಡಿದ ಕೆಲಸಕ್ಕೆ ಲೆಕ್ಕವಿಲ್ಲ. ಕಡತಗಳು ಹೊರಗೆ, ಚಾಪೆಗಳು ಒಳಗೆ. ಸ್ವಿಚ್ಚುಗಳಿಗೆಲ್ಲ ಮುಚ್ಚಳ. ಸಾಹೇಬರ ಅಂಗಡಿಯಿಂದ ರತ್ನಗಂಬಳಿ ಬಂತು. ನನ್ನ ಬೋರ್ಡನ್ನು ನಾಲ್ವರು ಹೊತ್ತು ಸ್ಟಾಫ್ ರೂಮಿಗೆ ಸಾಗಿಸಿದರು. ದಾರಿಯಲ್ಲಿ ಚೀಟಿಗಳೆಲ್ಲ ಉದುರಿ, ಇಡೀ ಶಾಲೆಯ ಟೈಮ್‌ಟೇಬಲ್ ಕಾರಿಡಾರಿನಲ್ಲಿ ಚೆಲ್ಲಿತು. ನಾನು ಅಳುವುದೋ ನಗುವುದೋ ತಿಳಿಯದೆ ನೆಲದಲ್ಲೇ ಕೂತು ಮೊದಲಿನಿಂದ ಮಾಡಿದೆ. ಹಾಗೆ ಮಾಡುವಾಗಲೇ ಒಂದು ಒಳ್ಳೆಯದಾಯಿತು. ಫಿಸಿಕ್ಸ್ ಟೀಚರ್ ಮಗುವಿಗೂ ಅಪ್ಪನಂತೆ ನೈಟ್ ಡ್ಯೂಟಿಯ ಅಭ್ಯಾಸ, ರಾತ್ರಿಯೆಲ್ಲ ಎಚ್ಚರ, ಬೆಳಿಗ್ಗೆ ನಿದ್ದೆ. ತಾಯಿಗೆ ಅಷ್ಟಾದರೂ ಉಸಿರು ಸಿಗಲಿ ಎಂದು ಹಸಿರಿಗೆ ಮೊದಲ ಪೀರಿಯಡ್ ಎಲ್ಲೂ ಕೊಡಲಿಲ್ಲ, ಬಸ್ಸಿನ ಎರಡನೆಯ ಟ್ರಿಪ್ಪಿನಲ್ಲಿ ಮಗುವಿನೊಂದಿಗೆ ಬರಬಹುದು. ಲ್ಯಾಬಿನ ಜೋಡಿ ಪೀರಿಯಡ್ಡನ್ನು ಗುರುವಾರ ಕೊನೆಗೆ ಹಾಕಿದೆ, ಬೇರೆಲ್ಲೂ ಜಾಗ ಉಳಿದಿರಲಿಲ್ಲ.

ಮೊದಲ ದಿನ ಆ ಕೋಣೆಗೆ ಮೂರು ಮಕ್ಕಳು ಬಂದವು. ಅವುಗಳ ಹಿಂದೆ ಬಂದವರಲ್ಲಿ ಒಬ್ಬರು ಫಿಸಿಕ್ಸ್ ಟೀಚರ್, ಮತ್ತೊಬ್ಬರು ಅವರ ಮೇಲಿನ ಮನೆಯ ಕೆಮಿಸ್ಟ್ರಿ ಎಂಎಸ್ಸಿ, ಇನ್ನೊಬ್ಬರು ಖಮೀಸಿನ ಗಣಿತದವರು. ಹನ್ನೊಂದನೆಯ ತರಗತಿಯ ಸೈನ್ಸಿನ ಬಾಗಿಲಿಗೆ ಹೊಸ ಫಲಕ ಬಿತ್ತು. ನನ್ನನ್ನು ಅಡ್ಡಗಟ್ಟಿದ ಹುಡುಗಿ ಮೊದಲ ಬೆಂಚಿನಲ್ಲಿ ಕೂತಿದ್ದಳು, ನನ್ನನ್ನು ನೋಡಿ ನಗಲೂ ಪುರುಸೊತ್ತಿಲ್ಲದಂತೆ ಬರೆಯುತ್ತಿದ್ದಳು. ನಾನು ಬಾಗಿಲನ್ನು ಮೆಲ್ಲನೆ ಎಳೆದುಕೊಂಡು ಬಂದೆ.

ಆ ವಾರದ ಗುರುವಾರ ಮಧ್ಯಾಹ್ನ ಗೇಟಿನ ಕಾವಲುಗಾರ ಫೋನ್ ಮಾಡಿ, ಯಾರೋ ಬಂದಿದ್ದಾರೆ ಎಂದ. ಹೋಗಿ ನೋಡಿದರೆ ಫಿಸಿಕ್ಸ್ ಟೀಚರ್ ಯಜಮಾನರು. ಆ ದಿನ ರಜೆ ಹಾಕಿ ನಜ್ರಾನಿನಿಂದ ನೇರ ಬಂದಿದ್ದರು, ಕಾರಿನ ಮೇಲೆಲ್ಲ ಮರಳಿನ ಧೂಳು. ಹುಡುಗಿಯರ ವಿಭಾಗವಾದ್ದರಿಂದ ಗಂಡಸರಿಗೆ ಗೇಟಿನಿಂದ ಒಳಗೆ ಬರುವಂತಿಲ್ಲ. ಆಯಾ ಮಗುವನ್ನು ಎತ್ತಿಕೊಂಡು ಬಂದರು. ಮಗು ಒಂದು ಕ್ಷಣ ದಿಟ್ಟಿಸಿ ನೋಡಿತು, ಆಮೇಲೆ ಆಯಾ ಕೈಯಿಂದಲೇ ಅಪ್ಪನ ಮೇಲೆ ಹಾರಿತು. ಆ ಮನುಷ್ಯ ಮುಖವನ್ನು ಮಗುವಿನ ಹೊಟ್ಟೆಗೆ ಒತ್ತಿಕೊಂಡು ತುಂಬ ಹೊತ್ತು ಹಾಗೇ ನಿಂತರು. ದಿನಾ ಹಗಲು ಎದೆಯ ಮೇಲೆ ಮಲಗಿಸಿಕೊಂಡವರಿಗೆ ಈಗ ವಾರಕ್ಕೊಂದು ಸಲ. ನಮ್ಮ ಸೈನ್ಸ್ ತರಗತಿಯ ಭಾರವನ್ನು ಇವರೂ ಹೊತ್ತಿದ್ದಾರೆ ಎಂದು ಆಗ ಅನ್ನಿಸಿತು.

"ಟೀಚರನ್ನು ಕರೀತೇನೆ. ಲ್ಯಾಬಲ್ಲಿದ್ದಾರೆ, ಉಳಿದದ್ದನ್ನು ನಾನು ನೋಡ್ಕೊಳ್ತೇನೆ. ನೀವು ಮೂವರೂ ಈಗಲೇ ಮನೆಗೆ ಹೋಗಿ," ಎಂದೆ.

"ಬೇಡ ಮೇಡಂ, ಕರೀಬೇಡಿ. ಪಾಠ ಮುಗೀಲಿ. ಅದಕ್ಕೇ ಅಲ್ವಾ ನಾನು ಅಲ್ಲಿರುವುದು?"

ಗಂಟೆ ಹೊಡೆಯಿತು. ಎಲ್ಲ ತರಗತಿಗಳ ಬಾಗಿಲೂ ತೆರೆದು ಮಕ್ಕಳು ಬಸ್ಸುಗಳತ್ತ ನುಗ್ಗಿದರು. ಲ್ಯಾಬಿನ ಬಾಗಿಲು ಮಾತ್ರ ಮುಚ್ಚಿಯೇ ಇತ್ತು. ಯಜಮಾನರು ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಗೇಟಿನ ಆಚೆಯಿಂದ ನನ್ನ ಮುಖ ನೋಡಿದರು.

"ಇನ್ನೂ ಬಿಡ್ಲಿಲ್ಲ," ಎಂದೆ ನಾನು.

ಅವರು ಜೋರಾಗಿ ನಕ್ಕುಬಿಟ್ಟರು. "ಮನೆಯಲ್ಲೂ ಹಾಗೇ ಮೇಡಂ. ಒಮ್ಮೆ ಶುರು ಮಾಡಿದ್ರೆ ನಿಲ್ಲಿಸುವ ಜನ ಅಲ್ಲ ಅದು. ನಾನು ಕಾಯ್ತೇನೆ."